ಬದುಕಿನ ಮಾತು ಸಾವಿನ ಸುದ್ದಿಯಾಗದಂತೆ ಕಾದ ವರದಿಗಾರ

ತೇಜಶ್ರೀ
ಉಪಸಂಪಾದಕಿ, ‘ಬಯಲುನುಡಿ’ ದಿನಪತ್ರಿಕೆ, ಚಿತ್ರದುರ್ಗ

ನಮ್ಮ ಜಿಲ್ಲೆಯ ಪತ್ರಿಕಾರಂಗದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ ಸಂಪಾದಕರ ಹೆಸರುಗಳೂ ಮಾಲೀಕರ ಹೆಸರುಗಳೂ ಪ್ರಶಸ್ತಿ ಪಡೆದವರ ಹೆಸರುಗಳೂ ಮೊದಲ ಪುಟಗಳಲ್ಲೇ ಬಂದುಹೋಗುತ್ತವೆ. ಶ್ರೀ ಕಲ್ಲೇಶಪ್ಪನವರ ಹೆಸರು ಆ ಪುಟಗಳಲ್ಲಿ ಸಿಗದೆ ಹೋಗಬಹುದು. ಆದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ‘ಪೇಪರ್ ಸ್ವಾಮಿ’ ಎಂದರೂ ಜನ ಇವರನ್ನೇ ನೆನೆಯುತ್ತಾರೆ. ನೆನೆದು ಸುಮ್ಮನಾಗದೆ, ಅವರು ತಮ್ಮ ಮನೆಗೆ ಯಾವಾಗ ಬಂದಿದ್ದರು, ಏನು ಕೇಳಿದರು, ಎಷ್ಟು ಹೊತ್ತು ತಲೆ ತಿಂದರು ಎಂಬುದನ್ನೂ ಹೇಳುತ್ತಾರೆ. ಸುದ್ದಿಗಾಗಿ ಊರಿಗೆ ಹೋದವರನ್ನು ಜನ ಸುದ್ದಿ ಮುಗಿದ ಮೇಲೂ ನೆನಪಿಟ್ಟುಕೊಳ್ಳುವುದು ನಮ್ಮ ವೃತ್ತಿಯಲ್ಲಿ ಅಪರೂಪ.

ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಮಹಾಮಾರಿಯ ಕಾಲದ ಅವರ ವರದಿಗಾರಿಕೆಯ ಬಗ್ಗೆ ಬರೆಯುವಂತೆ ನನಗೆ ಸೂಚಿಸಿದಾಗ ಸಂತೋಷದಿಂದ ಒಪ್ಪಿಕೊಂಡೆ. ಅವರ ಕೈಕೆಳಗೆ ಕೆಲಸ ಕಲಿತವಳು ನಾನು. ಗುರುಗಳನ್ನು ಹೊಗಳುವ ಅವಕಾಶ ಸಿಕ್ಕಾಗ ಸಂಕೋಚ ನಟಿಸುವ ಅಭ್ಯಾಸ ನನಗಿಲ್ಲ. ಅವರಿಗೆ ಮಾತ್ರ ಹೊಗಳಿಕೆ ಕಿವಿಗೆ ಬಿದ್ದರೆ ಎಲೆಯಡಿಕೆ ಹುಡುಕುವ ನೆಪದಲ್ಲಿ ಎದ್ದು ಹೋಗುವ ಚಾಳಿಯುಂಟು. ಗ್ರಂಥವೆಂಬುದು ಅಚ್ಚಾಗಿ ಕೈಗೆ ಬಂದ ಮೇಲೆ ಎದ್ದು ಹೋಗುವುದು ಕಷ್ಟ, ಆದ್ದರಿಂದ ಈ ಸಲ ಅವರು ಸಿಕ್ಕಿಬಿದ್ದಿದ್ದಾರೆ.

ಚಳ್ಳಕೆರೆಯ ಶೇಂಗಾ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಕಲ್ಲೇಶಪ್ಪನವರು ಮಂಡಿಯ ಗಾದಿಯ ಮೇಲೆ ಕೂರುವುದನ್ನು ಬಿಟ್ಟು, ಪದವಿ ಮುಗಿದ ಕೂಡಲೇ ‘ಬಯಲುನುಡಿ’ಯ ಮೊಳಕಾಲ್ಮೂರು ವರದಿಗಾರರಾದರು. ಸುದ್ದಿಯನ್ನು ಲಕೋಟೆಯಲ್ಲಿಟ್ಟು ಚಿತ್ರದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲ ಅದು. ಆ ದಿನಗಳಲ್ಲಿ ಕೊಂಡ್ಲಹಳ್ಳಿಯಲ್ಲಿ ಮಳೆಗೆ ಗೋಡೆ ಬಿದ್ದ ಮನೆಯೊಂದರ ಬಗ್ಗೆ ಬರೆಯುವಾಗ, ಆ ಮನೆಯ ಲಕ್ಷ್ಮೀದೇವಿ ಎಂಬುವರನ್ನು ಅವರು ‘ಅಸಹಾಯಕ ವಿಧವೆ’ ಎಂದು ಕರೆದಿದ್ದರು. ಪತ್ರಿಕೆ ಬಂದ ದಿನವೇ ಆ ತಾಯಿ ಮೊಳಕಾಲ್ಮೂರಿನ ಬಸ್ ನಿಲ್ದಾಣಕ್ಕೆ ಬಂದು ಅವರನ್ನು ಹುಡುಕಿ ಹಿಡಿದು, ಬಿದ್ದದ್ದು ನನ್ನ ಗೋಡೆಯೇ ಹೊರತು ನಾನಲ್ಲ, ಎರಡು ಎತ್ತು ಕಟ್ಟಿ ನಾನೇ ಹೊಲ ಉಳುವವಳು, ನಿಮ್ಮ ಮುಂದೆ ಯಾವಾಗ ಕೈಚಾಚಿದ್ದೆ ಎಂದು ಎಲ್ಲರೆದುರಿಗೇ ದಬಾಯಿಸಿದರಂತೆ. ತರುಣ ವರದಿಗಾರರು ಬೆವೆತು ಹೋದರು. ಅದೇ ವಾರ ಕೊಂಡ್ಲಹಳ್ಳಿಗೆ ಹೋಗಿ, ಹೊಸದಾಗಿ ಬರೆದದ್ದನ್ನು ಆಕೆಯ ಮುಂದೆ ಓದಿ, ಆಕೆ ಹೂಂ ಎಂದ ಮೇಲೆ ಕಳಿಸಿದರು.

ಅಂದು ಹಿಡಿದ ಪದ್ಧತಿಯನ್ನು ಅವರು ಇಂದಿನವರೆಗೂ ಬಿಡಲಿಲ್ಲ. ಯಾರ ಬಗ್ಗೆ ಬರೆದರೋ ಅವರ ಮುಂದೆ ಕುಳಿತು ಅವರ ಮಾತಿನ ಭಾಗವನ್ನು ಗಟ್ಟಿಯಾಗಿ ಓದುವುದು, ಗಡಿಯ ಕಡೆಯ ಹಳ್ಳಿಯಾದರೆ ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಬಿಡಿಸಿ ಹೇಳುವುದು, ಅವರು ತಿದ್ದಿದ್ದನ್ನು ತಿದ್ದಿಕೊಂಡು ಬರುವುದು. ವರವು ಕಾವಲಿನ ಹುಲ್ಲುಗಾವಲನ್ನು ಸರ್ಕಾರ ಬೇರೆ ಕೆಲಸಕ್ಕೆ ಕೊಟ್ಟ ವಿಷಯ ಬಿಸಿಯಾಗಿದ್ದಾಗಲೂ ಕುರಿಗಾಹಿಗಳ ಮಾತನ್ನು ಕುರಿಗಾಹಿಗಳಿಗೆ, ಅಧಿಕಾರಿಗಳ ಮಾತನ್ನು ಅಧಿಕಾರಿಗಳಿಗೆ ಓದಿ ಹೇಳಿಯೇ ಅಚ್ಚಿಗೆ ಕೊಟ್ಟರು. ಎರಡು ಕಡೆಯವರಿಗೂ ಆ ವರದಿ ಪೂರ್ತಿ ಹಿಡಿಸಲಿಲ್ಲ, ಆದರೆ ನಾನು ಹಾಗೆ ಹೇಳಿರಲಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಉಳಿದ ಪತ್ರಿಕೆಗಳ ಗೆಳೆಯರು ಇದನ್ನು ‘ಕಲ್ಲೇಶಪ್ಪನ ಪುರಾಣ ಪ್ರವಚನ’ ಎಂದು ಗೇಲಿ ಮಾಡುತ್ತಿದ್ದರು. ಪ್ರವಚನಕ್ಕೆ ಕೊನೆಯಲ್ಲಿ ಪ್ರಸಾದವಾದರೂ ಇರುತ್ತದೆ, ನನ್ನದಕ್ಕೆ ಬೈಗುಳವೇ ಪ್ರಸಾದ ಎಂದು ಅವರೂ ನಗುತ್ತಿದ್ದರು.

ಮುಂದೆ ಅವರು ಚಳ್ಳಕೆರೆ ಕಚೇರಿಗೆ ಬಂದರು. ನಾನು ಅಲ್ಲಿ ತರಬೇತಿಗೆ ಸೇರಿದಾಗ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳು ವರದಿಗಾರರಾಗಿ ಓಡಾಡುವುದು ಹೊಸತು. ನನ್ನ ಅವ್ವನಿಗೆ ಇದು ಎಳ್ಳಷ್ಟೂ ಇಷ್ಟವಿರಲಿಲ್ಲ. ಕಲ್ಲೇಶಪ್ಪನವರು ಅದನ್ನು ನನ್ನ ಮುಖದಲ್ಲೇ ಓದಿಕೊಂಡರೆಂದು ಕಾಣುತ್ತದೆ. ಒಂದು ಭಾನುವಾರ ತಮ್ಮ ಶ್ರೀಮತಿ ಬಸವಲಿಂಗಮ್ಮನವರನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ಅವ್ವನ ಎದುರು ಚಾಪೆಯ ಮೇಲೆ ಕುಳಿತು, ನನ್ನ ಕೆಲಸವೇನು, ಎಲ್ಲೆಲ್ಲಿಗೆ ಹೋಗಬೇಕಾಗುತ್ತದೆ, ಯಾರ ಜೊತೆ ಹೋಗುತ್ತೇನೆ ಎಂಬುದನ್ನೆಲ್ಲ ನಿಧಾನವಾಗಿ ವಿವರಿಸಿದರು. ಕೊನೆಗೆ ನಿಮಗೆ ಏನು ಭಯ ಎಂದು ಅವ್ವನನ್ನೇ ಕೇಳಿದರು. ಅಲ್ಲಿಯವರೆಗೆ ಆ ಮಾತನ್ನು ಅವ್ವನಿಗೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ದಿನದಿಂದ ಸಂಜೆಯ ಹೊತ್ತು ನನ್ನ ಬಸ್ಸು ನಿಲ್ದಾಣ ಬಿಡುವವರೆಗೂ ಅವರು ಅಲ್ಲೇ ನಿಂತಿರುತ್ತಿದ್ದರು. ನಾನು ಮುಂದೆ ಚಿತ್ರದುರ್ಗದ ಸಂಪಾದಕೀಯ ವಿಭಾಗಕ್ಕೆ ಹೋದಾಗ ಬಸವಲಿಂಗಮ್ಮನವರು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಇಂದಿಗೂ ನನ್ನ ಮನೆಯಲ್ಲೇ ಇದೆ, ವಾಪಸು ಕೊಡುವ ಉದ್ದೇಶವೂ ಇಲ್ಲ.

ಇನ್ನು ನನಗೆ ವಹಿಸಿದ ವಿಷಯಕ್ಕೆ ಬರುತ್ತೇನೆ. ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಡಾಕ್ಟರ್ ವನಜಾಕ್ಷಿ ಎಂಬ ಸರ್ಕಾರಿ ವೈದ್ಯೆಯೊಬ್ಬರು ಔಷಧಿ ಕೊಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ವಯಸ್ಸಾದವರನ್ನು, ಮೊದಲೇ ಶ್ವಾಸಕೋಶದ ತೊಂದರೆ ಇದ್ದವರನ್ನು ಮನೆಯವರ ಸಮ್ಮುಖದಲ್ಲಿ ಕೂರಿಸಿಕೊಂಡು, ಕಾಯಿಲೆ ಬಿಗಡಾಯಿಸಿ ಮಾತು ನಿಂತರೆ ನಿಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಆಗ ನಿಮ್ಮ ಪರವಾಗಿ ಯಾರು ಮಾತನಾಡಬೇಕು ಎಂದು ಕೇಳುತ್ತಿದ್ದರು. ಇದಕ್ಕೆ ವೈದ್ಯಕೀಯದಲ್ಲಿ ದೊಡ್ಡ ಹೆಸರಿದೆ. ಅವರು ಮಾತ್ರ ‘ಮುಂಚೆ ಹೇಳಿಡೋದು’ ಎನ್ನುತ್ತಿದ್ದರು. ಜನ ತಮ್ಮವರನ್ನು ಆಂಬುಲೆನ್ಸ್ ಹತ್ತಿಸಿ, ಆಮೇಲೆ ಮುಖ ನೋಡಲೂ ಆಗದೆ ಒದ್ದಾಡುತ್ತಿದ್ದ ಆ ದಿನಗಳಲ್ಲಿ ಅದು ಎಷ್ಟು ಅಗತ್ಯದ ಪ್ರಶ್ನೆಯಾಗಿತ್ತು ಎಂಬುದು ಈಗ ಎಲ್ಲರಿಗೂ ತಿಳಿಯುತ್ತದೆ. ಆಗ ತಿಳಿದವರು ಕಡಿಮೆ.

ನನ್ನಿವಾಳದ ಹುಲಿಯಪ್ಪನವರು ಅದನ್ನು ತಿಳಿದವರಲ್ಲಿ ಒಬ್ಬರು. ಎಪ್ಪತ್ತು ದಾಟಿದ ರೈತರು, ಬೀಡಿಯ ದೆಸೆಯಿಂದ ಮೊದಲೇ ಉಬ್ಬಸ. ಅವರ ಅಣ್ಣ ಮೊದಲನೇ ಅಲೆಯಲ್ಲಿ ದೂರದ ಆಸ್ಪತ್ರೆಯೊಂದರ ವೆಂಟಿಲೇಟರಿನಲ್ಲಿ, ಮನೆಯವರು ಯಾರೂ ಹತ್ತಿರವಿಲ್ಲದೆ ತೀರಿಕೊಂಡಿದ್ದರು. ಡಾಕ್ಟರು ಮನೆಯ ಜಗುಲಿಯ ಮೇಲೆ ಕುಳಿತು ಕೇಳಿದಾಗ, ಉಸಿರಿಗೆ ಆಕ್ಸಿಜನ್ ಕೊಡಿ, ಸೂಜಿ ಮಾತ್ರೆ ಏನಿದೆಯೋ ಎಲ್ಲ ಕೊಡಿ, ಆದರೆ ಗಂಟಲಿಗೆ ಪೈಪ್ ಇಳಿಸುವುದು ಬೇಡ, ಮಗ ವೀರೇಶನ ಕಣ್ಣಳತೆಯಲ್ಲೇ ಇರಬೇಕು, ನನಗೆ ಮಾತು ನಿಂತರೆ ಅವನೇ ಮಾತಾಡಲಿ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಪಕ್ಕದಲ್ಲೇ ಕುಳಿತಿದ್ದ ವೀರೇಶ ತಲೆಯಾಡಿಸಿದ. ನೋಡುತ್ತಿದ್ದವರಲ್ಲಿ ಒಬ್ಬರು ಇದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು.

ಆ ತುಣುಕು ಅಲ್ಲಿ ಇಲ್ಲಿ ತಿರುಗಿ ಟಿ.ವಿ. ವಾಹಿನಿಯೊಂದನ್ನು ಮುಟ್ಟಿತು. ಆಕ್ಸಿಜನ್ ಬೇಕು ಎಂದ ಮಾತು ದಾರಿಯಲ್ಲೇ ಉದುರಿಹೋಗಿತ್ತು. ಪೈಪ್ ಬೇಡ ಎಂಬುದು ಉಳಿದಿತ್ತು, ವೀರೇಶನ ತಲೆಯಾಟ ಉಳಿದಿತ್ತು, ಅದರ ಮೇಲೆ ಕೆಂಪು ವೃತ್ತ ಬೇರೆ. ‘ಮುದುಕರೇ ಹುಷಾರ್! ಸಾಯಲು ಒಪ್ಪಿಗೆ ಕೇಳುವ ಡಾಕ್ಟರ್’ ಎಂದು ಒಂದು ಸಾಲು, ‘ಅಪ್ಪನ ಸಾವಿಗೆ ತಲೆಯಾಡಿಸಿದ ಮಗ’ ಎಂದು ಇನ್ನೊಂದು. ಹಾಸಿಗೆ ಉಳಿಸಲು ಸರ್ಕಾರವೇ ಹೂಡಿರುವ ಸಂಚು ಎಂದು ಯಾರೋ ಕೋಟು ತೊಟ್ಟವರು ಸ್ಟುಡಿಯೋದಲ್ಲಿ ಕಿರುಚಿದರು. ಮಾರನೆಯ ದಿನ ಅಂತರ್ಜಾಲದ ಪತ್ರಿಕೆಯೊಂದು ತಾನು ಸಭ್ಯವೆಂದು ತೋರಿಸಿಕೊಳ್ಳಲು ‘ಯುವಕರಿಗಾಗಿ ಹಾಸಿಗೆ ತ್ಯಾಗ ಮಾಡಿದ ಅನ್ನದಾತ’ ಎಂದು ಬರೆಯಿತು. ಒಂದು ಕಡೆ ಅವರನ್ನು ಕೊಲ್ಲುತ್ತಿದ್ದರು, ಇನ್ನೊಂದು ಕಡೆ ಹುತಾತ್ಮರನ್ನಾಗಿ ಮಾಡುತ್ತಿದ್ದರು. ಹುಲಿಯಪ್ಪನವರನ್ನು ಮಾತನಾಡಿಸಿದವರು ಮಾತ್ರ ಯಾರೂ ಇಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅದರ ಫಲವನ್ನು ಹಳ್ಳಿಗಳು ಉಂಡವು. ಆಶಾ ಕಾರ್ಯಕರ್ತೆಯರು ಬಂದರೆ ಬಾಗಿಲು ಹಾಕಿಕೊಳ್ಳುವುದು ಶುರುವಾಯಿತು. ಜ್ವರ ಬಂದವರು ಹೊಲದ ಗುಡಿಸಲು ಸೇರಿ ಅಡಗಿದರು, ಏಕೆಂದರೆ ಡಾಕ್ಟರ ಕಣ್ಣಿಗೆ ಬಿದ್ದರೆ ಸಾಯಲು ಒಪ್ಪಿಗೆ ಕೇಳುತ್ತಾರೆ. ವನಜಾಕ್ಷಿಯವರಿಗೆ ಮೇಲಿನಿಂದ ವಿವರಣೆ ಕೇಳಿ ನೋಟಿಸು ಬಂತು. ಇದೆಲ್ಲದರ ನಡುವೆ ಹುಲಿಯಪ್ಪನವರಿಗೆ ನಿಜವಾಗಿಯೂ ಸೋಂಕು ತಗುಲಿ, ಉಸಿರು ಕಡಿಮೆಯಾಗಿ, ಅವರು ವನಜಾಕ್ಷಿಯವರೇ ಇದ್ದ ಚಳ್ಳಕೆರೆಯ ಆಸ್ಪತ್ರೆ ಸೇರಿದರು.

ಆಗ ಆಸ್ಪತ್ರೆಯ ಗೇಟಿನ ಮುಂದೆ ನಡೆದದ್ದನ್ನು ಕಲ್ಲೇಶಪ್ಪನವರು ಕಣ್ಣಾರೆ ಕಂಡರು. ಹುಲಿಯಪ್ಪನವರ ತಂಗಿ ಸೂರಮ್ಮನವರು ಟಿ.ವಿ. ನೋಡಿ, ಊರವರ ಮಾತು ಕೇಳಿ ಕೆಂಡವಾಗಿ ಬಂದಿದ್ದರು. ಅಣ್ಣನನ್ನು ಈಗಿಂದೀಗಲೇ ದಾವಣಗೆರೆಗೆ ಸಾಗಿಸಿ ವೆಂಟಿಲೇಟರ್ ಮಿಷನ್ ಹಾಕಿಸಬೇಕೆಂದು ಪಟ್ಟು ಹಿಡಿದರು. ಅಪ್ಪ ಬೇಡ ಅಂದಿದ್ದಾರೆ ಎಂದು ವೀರೇಶ ಬಾಯಿ ತೆರೆದದ್ದೇ ತಡ, ಮಣ್ಣು ತೂರಿ ಶಪಿಸಿದರು.

“ಅಪ್ಪನ್ನ ನುಂಗಾಕೆ ಕುಂತೀಯೇನಲೇ ನೀನು?”

ಜನ ಸುತ್ತ ನಿಂತು ನೋಡುತ್ತಿದ್ದರು. ಆಕೆ ಹೋದ ಮೇಲೆ ವೀರೇಶ ಹುಣಸೆಮರದ ಬುಡದಲ್ಲಿ ಕುಕ್ಕರಿಸಿದ. ದಾವಣಗೆರೆಗೆ ಕಳಿಸಲು ಒಪ್ಪಿಬಿಡುವುದೆಂದು ಅವನು ಮನಸ್ಸಿನಲ್ಲೇ ಮುಕ್ಕಾಲು ಪಾಲು ತೀರ್ಮಾನಿಸಿಯಾಗಿತ್ತು. ಕಲ್ಲೇಶಪ್ಪನವರು ಅವನಿಂದ ಮಾರು ದೂರದಲ್ಲಿ ಕುಳಿತು, ಏನನ್ನೂ ಕೇಳದೆ ಕಾದರು. ಕೊನೆಗೆ ಅವನೇ ಬಾಯಿಬಿಟ್ಟ.

“ಅಪ್ಪನ ಮಾತು ನಡೆಸಿದ್ರೆ ಊರು ನನ್ನ ಕೊಲೆಗಾರ ಅಂತೈತೆ ಸಾರ್. ಊರ ಮಾತು ನಡೆಸಿದ್ರೆ ಅಪ್ಪ ಕಣ್ಣು ಬಿಟ್ಟಾಗ ಏನಂತ ಹೇಳ್ಲಿ?”

ಕಲ್ಲೇಶಪ್ಪನವರು ಅಲ್ಲಿಂದ ಎದ್ದರು. ಅವರು ಡಾಕ್ಟರನ್ನು ಕಂಡರು, ಮೊಬೈಲಿನ ಪೂರ್ತಿ ಚಿತ್ರೀಕರಣವನ್ನು ಅದನ್ನು ಹಿಡಿದವರಿಂದಲೇ ಪಡೆದು ನೋಡಿದರು, ಜಗುಲಿಯ ಮೇಲೆ ಅಂದು ಕುಳಿತಿದ್ದವರನ್ನೆಲ್ಲ ಮಾತನಾಡಿಸಿದರು. ಜೀವದ ಕೊನೆಯ ಚಿಕಿತ್ಸೆಯ ಬಗ್ಗೆ ಮುಂಚೆಯೇ ಹೇಳಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ ಕೆಲವು ವರ್ಷಗಳ ಹಿಂದೆಯೇ ಎತ್ತಿಹಿಡಿದಿದೆ ಎಂಬುದನ್ನು ವಕೀಲ ಗೆಳೆಯರಿಂದ ಖಚಿತ ಮಾಡಿಕೊಂಡರು. ಮರುದಿನ ಮಧ್ಯಾಹ್ನದ ಹೊತ್ತಿಗೆ ವರದಿ ಸಿದ್ಧವಾಯಿತು. ಒಳ್ಳೆಯ ವರದಿಯೇ. ಅಂಥ ವರದಿಯನ್ನು ಬೇರೆ ಯಾರೇ ಬರೆದಿದ್ದರೂ ನೇರ ಕಚೇರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು.

ಇವರು ಅದನ್ನು ಹುಲಿಯಪ್ಪನವರಿಗೆ ಓದಿ ಹೇಳಬೇಕೆಂದು ಹೊರಟರು. ಸೋಂಕಿನ ವಾರ್ಡಿಗೆ ಹೊರಗಿನವರನ್ನು ಬಿಡುವಂತಿರಲಿಲ್ಲ. ವನಜಾಕ್ಷಿಯವರು ಹುಲಿಯಪ್ಪನವರ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ತಳ್ಳಿಸಿ, ಅವರ ಕಿವಿಗೆ ಫೋನು ಹಿಡಿಸಿದರು. ಕಲ್ಲೇಶಪ್ಪನವರು ಕಿಟಕಿಯಾಚೆ ಉರಿಬಿಸಿಲಿನಲ್ಲಿ ಮುಖಗವಸು ಕಟ್ಟಿಕೊಂಡು ನಿಂತು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಾಳೆ ಹಿಡಿದು ಓದಿದರು. ಪಕ್ಕದಲ್ಲಿ ವೀರೇಶ. ಆ ದೃಶ್ಯವನ್ನು ಅಂದು ಕಂಡ ದಾದಿಯೊಬ್ಬರು, ಇವರಿಗೆ ಬಿಸಿಲು ತಲೆಗೇರಿರಬೇಕು ಎಂದುಕೊಂಡೆ ಎಂದು ನನಗೆ ಹೇಳಿದ್ದಾರೆ.

ವರದಿಯಲ್ಲಿ ಒಂದು ವಾಕ್ಯ ಹೀಗಿತ್ತು: ‘ಹುಲಿಯಪ್ಪನವರು ಸಾವಿಗೆ ಮನಸ್ಸನ್ನು ಸಿದ್ಧಪಡಿಸಿಕೊಂಡಿದ್ದಾರೆ.’ ಗೌರವದಿಂದಲೇ ಬರೆದ ವಾಕ್ಯ. ಅದನ್ನು ಓದಿದಾಗ ಕಿಟಕಿಯೊಳಗಿನ ಮುದುಕರು ಕೈ ಎತ್ತಿ ತಡೆದರು. ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿ, ಉಸಿರು ಕೂಡಿಸಿಕೊಳ್ಳುತ್ತ ಹೇಳಿದರು.

“ಸಾಯಾಕೆ ಅಲ್ಲ ಸ್ವಾಮಿ, ಬದುಕಾಕೆ ಹೇಳೀನಿ. ಇರೋತನ್ಕ ನನ್ನಂಗೆ ಇರ್ತೀನಿ ಅಂತ ಹೇಳೀನಿ. ಮಗ ಕಾಣ್ಬೇಕು ಅಂತ ಹೇಳೀನಿ. ಅದನ್ನ ಬರೀರಿ.”

ನೆರಳಿಗೂ ಸರಿಯದೆ ಕಲ್ಲೇಶಪ್ಪನವರು ಅಲ್ಲೇ ಆ ವಾಕ್ಯವನ್ನು ಹೊಡೆದುಹಾಕಿದರು, ಹುಲಿಯಪ್ಪನವರ ಮಾತನ್ನು ಇದ್ದಂತೆಯೇ ಬರೆದುಕೊಂಡು ಮತ್ತೊಮ್ಮೆ ಓದಿದರು. ಒಳಗಿನಿಂದ ಹೂಂ ಎಂದರು. ಆ ಹೂಂ ಕೇಳಿದ ಮೇಲೆ ವೀರೇಶ ಅಪ್ಪನನ್ನು ಅಲ್ಲಿಂದ ಎಲ್ಲಿಗೂ ಕಳಿಸುವುದಿಲ್ಲವೆಂದು ಡಾಕ್ಟರಿಗೆ ತಿಳಿಸಿದ.

ಅಂದು ಸಂಜೆ ಆ ವರದಿ ಚಿತ್ರದುರ್ಗದಲ್ಲಿ ನನ್ನ ಮೇಜಿಗೆ ಬಂತು. ನಮ್ಮ ಸುದ್ದಿ ಸಂಪಾದಕರಾಗಿದ್ದ ಚಿರಂಜೀವಿಯವರು ಕೆಟ್ಟವರಲ್ಲ, ಆದರೆ ಟಿ.ವಿ.ಯವರ ಗದ್ದಲದ ಮುಂದೆ ನಮ್ಮ ಪತ್ರಿಕೆ ಸಪ್ಪೆ ಕಾಣಬಾರದೆಂಬ ಚಿಂತೆ ಅವರಿಗೆ. ‘ಸಾವನ್ನು ಎದುರುಗೊಂಡ ಧೀರ ರೈತ’ ಎಂಬ ತಲೆಬರಹವನ್ನು ತಾವೇ ಬರೆದರು. ನಾನು ಕಲ್ಲೇಶಪ್ಪನವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಫೋನನ್ನು ಚಿರಂಜೀವಿಯವರಿಗೇ ಕೊಡಲು ಹೇಳಿದರು. ಏರುದನಿಯಿಲ್ಲ, ವಾದವಿಲ್ಲ. ಆ ತಲೆಬರಹವನ್ನು ನಾನು ಹುಲಿಯಪ್ಪನವರಿಗೆ ಓದಿಲ್ಲ, ಓದದೆ ಇರುವುದನ್ನು ಹಾಕುವುದಾದರೆ ವರದಿಯನ್ನೇ ವಾಪಸು ಕೊಡಿ, ಬೇಕಾದರೆ ನಾಳೆ ಬೆಳಿಗ್ಗೆ ಮತ್ತೆ ಕಿಟಕಿಯ ಹತ್ತಿರ ಹೋಗಿ ಕೇಳಿಕೊಂಡು ಬರುತ್ತೇನೆ ಎಂದರು. ಚಿರಂಜೀವಿಯವರು ಫೋನ್ ಇಟ್ಟು ನನ್ನ ಕಡೆ ನೋಡಿ, ನಿಮ್ಮ ಗುರುಗಳ ಹತ್ತಿರ ಏಗುವುದು ದೇವರಿಗೂ ಕಷ್ಟ ಎಂದರು. ಪತ್ರಿಕೆ ಮರುದಿನ ‘ಮಗ ಕಾಣಬೇಕು ಅಂತ ಹೇಳೀನಿ: ನನ್ನಿವಾಳದ ಹುಲಿಯಪ್ಪ’ ಎಂಬ ತಲೆಬರಹದೊಡನೆ ಹೊರಬಂತು.

ಪತ್ರಿಕೆಯೊಂದರಿಂದ ಊರು ಒಂದೇ ದಿನಕ್ಕೆ ಬದಲಾಯಿತು ಎಂದು ಬರೆದರೆ ನೀವೂ ನಂಬುವುದಿಲ್ಲ, ಕಲ್ಲೇಶಪ್ಪನವರೂ ಒಪ್ಪುವುದಿಲ್ಲ. ಬೈಯುವವರು ಬೈಯುತ್ತಲೇ ಇದ್ದರು. ಆದರೆ ನನ್ನಿವಾಳದ ಕಟ್ಟೆಯ ಮೇಲೆ ಯಾರೋ ಆ ವರದಿಯನ್ನು ಓದಿದರು, ಸೂರಮ್ಮನವರು ಅದನ್ನು ನಿಂತು ಕೇಳಿದರು, ಇನ್ನೊಮ್ಮೆ ಓದಿಸಿ ಕೇಳಿದರು. ಮಾರನೆಯ ದಿನ ಆಸ್ಪತ್ರೆಯ ಗೇಟಿಗೆ ಬಂದು, ಯಾರ ಮುಖವನ್ನೂ ನೋಡದೆ, ವೀರೇಶನಿಗೆಂದು ಮುದ್ದೆಯ ಬುತ್ತಿ ಇಟ್ಟು ಹೋದರು. ಅಂದಿನಿಂದ ಹುಲಿಯಪ್ಪನವರು ಮನೆಗೆ ಮರಳುವವರೆಗೂ ಬುತ್ತಿ ತಪ್ಪಲಿಲ್ಲ.

ಹೌದು, ಹುಲಿಯಪ್ಪನವರು ಮನೆಗೆ ಮರಳಿದರು. ಆಕ್ಸಿಜನ್, ಔಷಧಿ, ವನಜಾಕ್ಷಿಯವರ ಶ್ರಮ ಮತ್ತು ಮುದುಕರ ಅದೃಷ್ಟ ಎಲ್ಲವೂ ಸೇರಿ ಉಸಿರು ಹಿಡಿತಕ್ಕೆ ಬಂತು. ಪೈಪ್ ಬೇಡವೆಂದದ್ದಕ್ಕೇ ಬದುಕಿದರು ಎಂದು ಬರೆಯಲು ಆಗ ಕೆಲವರು ಮುಂದಾದರು. ಅದೂ ಸುಳ್ಳೇ ಎಂದು ಕಲ್ಲೇಶಪ್ಪನವರು ಅವರನ್ನು ತಡೆದರು. ಪೈಪ್ ಹಾಕಿಸಿಕೊಂಡು ಬದುಕಿ ಬಂದವರ ಸುದ್ದಿಯನ್ನೂ ಅದೇ ತಿಂಗಳು ಅವರೇ ಬರೆದಿದ್ದರು. ಡಾಕ್ಟರ ಮೇಲಿನ ನೋಟಿಸು ಕ್ರಮೇಣ ಕಡತದಲ್ಲೇ ಮಲಗಿತು. ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು, ಎಲ್ಲವೂ ಅಲ್ಲ.

ಅಲೆ ಇಳಿದ ಮೇಲೆ ನಮ್ಮ ಪತ್ರಕರ್ತರ ಸಂಘದ ಸಭೆಯಲ್ಲಿ ಅವರು ಈ ವಿಷಯವಾಗಿ ಆಡಿದ ಮಾತುಗಳನ್ನು ನಾನು ಈಗಲೂ ಹೊಸ ವರದಿಗಾರರಿಗೆ ಹೇಳುತ್ತಿರುತ್ತೇನೆ. ಆ ಕಾಲದ ಸುದ್ದಿಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರೆ, ಮುಂಚೆ ಹೇಳಿಟ್ಟವರ ಬಗ್ಗೆ ನಾವು ಬರೆದದ್ದು ತ್ಯಾಗದ ಕಥೆ, ಇಲ್ಲವೇ ದ್ರೋಹದ ಕಥೆ, ಅದೂ ಇಲ್ಲವಾದರೆ ಹಾಸಿಗೆಗಳ ಲೆಕ್ಕ ಎಂದು ಅವರು ಹೇಳಿದರು. ಡಾಕ್ಟರು ಏನೆಂದರು, ಸಚಿವರು ಏನೆಂದರು, ನೆರೆಹೊರೆಯವರು ಏನೆಂದರು ಎಂಬುದೆಲ್ಲ ಅವುಗಳಲ್ಲಿದೆ. ಮಲಗಿರುವವನು ಏನೆಂದ ಎಂಬುದಿಲ್ಲ. ಮಾತು ನಿಂತಾಗ ತನ್ನ ಮಾತು ಉಳಿಯಲಿ ಎಂದು ಒಬ್ಬ ಹೇಳಿಟ್ಟಿರುತ್ತಾನೆ, ನಾವು ಅವನ ಬಾಯಿಂದ ಅದನ್ನೇ ಕಿತ್ತುಕೊಂಡೆವು ಎಂದರು. ಆಮೇಲೆ, ನಾನೂ ಅವನ ಬಾಯಿಗೆ ಸಾವಿನ ಮಾತು ತುರುಕಿದ್ದೆ, ಬಿಸಿಲಿಗೆ ಹೋಗಿ ನಿಂತಿದ್ದಕ್ಕೆ ಬಚಾವಾದೆ ಎಂದು ಅವರು ಸೇರಿಸಿದಾಗ ಎಲ್ಲರೂ ನಕ್ಕರು.

ಹುಲಿಯಪ್ಪನವರು ಮುಂದೆ ಕೆಲವು ವರ್ಷ ಚೆನ್ನಾಗಿಯೇ ಬಾಳಿದರು. ಶೇಂಗಾ ಬಿತ್ತನೆಯ ಹೊತ್ತಿಗೆ ಹೊಲದ ಬದುವಿನ ಮೇಲೆ ಕುಳಿತು ವೀರೇಶನಿಗೆ ಬುದ್ಧಿ ಹೇಳುವಷ್ಟು ಉಸಿರಿತ್ತು. ಕೊನೆಗೆ ಒಂದು ಚಳಿಗಾಲದಲ್ಲಿ ಹಳೆಯ ಉಬ್ಬಸ ಮತ್ತೆ ಕೆರಳಿತು. ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ವೈದ್ಯರು ಪರೀಕ್ಷಿಸಿ, ಪೈಪ್ ಇಳಿಸಿದರೂ ಹೆಚ್ಚು ಭರವಸೆ ಕೊಡಲಾರೆ, ದಾವಣಗೆರೆಗೆ ಕಳಿಸುತ್ತೀರೋ ಹೇಗೆ ಎಂದು ಕೇಳಿದರು. ಬಂಧುಗಳೆಲ್ಲ ಸೇರಿದ್ದರು. ಟಿ.ವಿ.ಯ ಆ ಕೆಂಪು ವೃತ್ತ ವೀರೇಶನ ತಲೆಯಿಂದ ಹೋಗಿರಲಿಲ್ಲ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಆಗ ಮಾತನಾಡಿದವರು ಸೂರಮ್ಮನವರು.

“ಅಣ್ಣ ಏನಂದಿದ್ದ ಅಂತ ಊರಿಗೆಲ್ಲ ಗೊತ್ತೈತೆ. ಮನಿಗೆ ಕರ್ಕಂಡು ನಡಿಯಲೇ ವೀರೇಶ. ಯಾವನು ಏನಂತಾನೋ ನಾನು ನೋಡ್ಕಂತೀನಿ.”

ಆಕ್ಸಿಜನ್ ಸಿಲಿಂಡರಿನ ಸಮೇತ ಅವರನ್ನು ಮನೆಗೆ ಕರೆತಂದರು. ವೈದ್ಯರು ನೋವಿಗೆ, ಉಸಿರಿಗೆ ಬೇಕಾದ ಔಷಧಿ ಕೊಟ್ಟು, ದಾದಿಯನ್ನು ದಿನವೂ ಕಳಿಸಿದರು. ಮೊಮ್ಮಕ್ಕಳು ಓಡಾಡುವ ಪಡಸಾಲೆಯಲ್ಲಿ, ವೀರೇಶನ ಕಣ್ಣೆದುರಿನಲ್ಲಿ, ಒಂದು ಬೆಳಿಗ್ಗೆ ಹುಲಿಯಪ್ಪನವರು ಹೋದರು. ವೀರೇಶನ ಕಡೆಗೆ ಯಾರೂ ಬೆರಳು ತೋರಲಿಲ್ಲ. ಮಣ್ಣಿಗೆ ಬಂದವರು ಅವನ ಭುಜದ ಮೇಲೆ ಕೈಯಿಟ್ಟು ಹೋದರು.

ಕಲ್ಲೇಶಪ್ಪನವರೂ ಮಣ್ಣಿಗೆ ಹೋಗಿದ್ದರು. ಬಂದ ಮೇಲೆ ಏನೂ ಬರೆಯಲಿಲ್ಲ. ನಾನು ಎರಡು ದಿನ ಕಾದು ಫೋನ್ ಮಾಡಿದೆ. ಮಹಾಮಾರಿಯ ಕಾಲದಲ್ಲಿ ಅಷ್ಟು ಗದ್ದಲವೆದ್ದ ವಿಷಯ, ಈಗ ಅದಕ್ಕೊಂದು ಒಳ್ಳೆಯ ಮುಕ್ತಾಯ ಸಿಕ್ಕಿದೆ, ಬರೆಯಿರಿ ಸಾರ್ ಎಂದು ಒತ್ತಾಯಿಸಿದೆ.

“ಅಪ್ಪ ಹೇಳಿದ್ದ, ಮಗ ಕೇಳಿದ. ಇದ್ರಾಗೆ ಸುದ್ದಿ ಏನೈತೆ ತೇಜಶ್ರೀ? ಅದು ಅವರ ಮನಿ ವಿಷಯ” ಎಂದರು.

ಆ ಮಾತಿನ ತೂಕ ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅಂಥ ಸಾವು ಸುದ್ದಿಯೇ ಅಲ್ಲದಂತಾಗುವುದಕ್ಕಾಗಿಯೇ ಅವರು ಅಂದು ಕಿಟಕಿಯ ಹೊರಗೆ ನಿಂತು ಓದಿದ್ದರು. ಈಗ ನಾನು ಇಷ್ಟನ್ನು ಬರೆಯುತ್ತಿರುವುದು ವೀರೇಶನ ಒಪ್ಪಿಗೆಯಿಂದ. ನಮ್ಮ ಪೇಪರ್ ಸ್ವಾಮಿಯ ಪುಸ್ತಕಕ್ಕೆ ಅಂದ್ರೆ ಬರ್ಕಳ್ರಿ ಎಂದು ಅವನು ಹೇಳಿದ್ದಾನೆ.

ಕಳೆದ ತಿಂಗಳು ಕಲ್ಲೇಶಪ್ಪನವರಿಗೆ ಅರವತ್ತು ತುಂಬಿತು. ಮನೆಯಲ್ಲಿ ಹೋಳಿಗೆ ಊಟ. ಕರೆದಿದ್ದರಿಂದ ನಾನೂ ಹೋಗಿದ್ದೆ. ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದಾಗ ಅವರು ಇದ್ದಕ್ಕಿದ್ದಂತೆ, ಚಳ್ಳಕೆರೆಯಲ್ಲೇ ಉಪನ್ಯಾಸಕಿಯಾಗಿರುವ ಮಗಳು ದೀಪಿಕಾಳನ್ನು ಹತ್ತಿರ ಕರೆದು, ನನಗೂ ಮಾತು ನಿಲ್ಲುವ ಕಾಲ ಬರಬಹುದು, ಆಗ ನನ್ನ ಪರವಾಗಿ ನೀನು ಮಾತಾಡಬೇಕು, ಏನು ಹೇಳಬೇಕೆಂದು ಈಗಲೇ ಕೇಳಿಸಿಕೋ ಎಂದರು. ಹುಟ್ಟುಹಬ್ಬದ ದಿನ ಇದೆಂಥ ಮಾತು ಎಂದು ಬಸವಲಿಂಗಮ್ಮನವರು ಗದರಿಕೊಂಡರು. ದೀಪಿಕಾಳ ಕಣ್ಣು ಆಗಲೇ ತುಂಬಿತ್ತು. ನಾನೂ ತಲೆ ತಗ್ಗಿಸಿದೆ. ಹುಲಿಯಪ್ಪನವರ ಮಾತನ್ನು ಹತ್ತಿರದಿಂದ ಕೇಳಿದವರು ತಾವೂ ಪೈಪ್ ಬೇಡ, ಮಿಷನ್ ಬೇಡ ಎನ್ನುತ್ತಾರೆಂದೇ ನಾವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೆವು.

“ನಂಗೆ ಎಲ್ಲಾ ಮಾಡಿಸ್ರಿ” ಎಂದರು ಕಲ್ಲೇಶಪ್ಪನವರು. “ಪೈಪ್ ಹಾಕಿಸ್ರಿ, ಮಿಷನ್ ಹಾಕಿಸ್ರಿ. ದಾವಣಗೆರೆ ಆಗ್ಲಿ, ಬೆಂಗಳೂರಾಗ್ಲಿ, ಎಲ್ಲಿಗಾದ್ರೂ ಹೊತ್ಕಂಡು ಹೋಗ್ರಿ. ಒಂದು ದಿನ ಸಿಕ್ರೂ ಬಿಡಬ್ಯಾಡ್ರಿ. ನಂಗಿನ್ನೂ ಸಾಲಿಲ್ಲ.”

ಮೊದಲು ನಕ್ಕವರು ಬಸವಲಿಂಗಮ್ಮನವರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸನ್ಮಾನಿತರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಗ್ರಂಥಗಳ ಶಿಷ್ಟಾಚಾರ. ಅವರಿಗೆ ಅದು ಬೇಕೋ ಬೇಡವೋ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಶ್ರೀ ಕಲ್ಲೇಶಪ್ಪನವರ ವಿಷಯದಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ, ಅವರು ತಮ್ಮ ಬಾಯಿಂದಲೇ ಹೇಳಿದ್ದಾರೆ, ನಾವು ಅಲ್ಲೇ ಕುಳಿತು ಕೇಳಿದ್ದೇವೆ. ನಿವೃತ್ತಿ ಪತ್ರಿಕೆಯ ಸಂಬಳದ ಪಟ್ಟಿಗಷ್ಟೇ ಇರಲಿ, ಅವರ ಓಡಾಟ, ಬರವಣಿಗೆ, ಎದುರಿನವರ ತಲೆ ತಿನ್ನುವ ಕೆಲಸ ಹೀಗೇ ನಡೆಯಲಿ. ಅವರಿಗೆ ಸಾಲುವಷ್ಟು ಆಯುಸ್ಸು ಅವರಿಗೆ ಸಿಗಲಿ, ನಮಗಂತೂ ಅವರು ಎಷ್ಟಿದ್ದರೂ ಸಾಲುವುದಿಲ್ಲ.